ಚೀಸ್ ಆಲೂಗಡ್ಡೆ ಗ್ರಾಟಿನ್: ತೂಕ ಹಾಕಿ ತಿಂದ ನನ್ನ ಅನುಭವ

ಚಿಕ್ಕಬಳ್ಳಾಪುರದಲ್ಲಿ ಆಲೂಗಡ್ಡೆಗೆ ಬರವಿಲ್ಲ. ಪಲ್ಯ, ಸಾಗು ಸಾಕೆನಿಸಿದಾಗ ನಮ್ಮನೆಯಲ್ಲಿ ಗ್ರಾಟಿನ್ ಆಗುತ್ತದೆ. ಆಲೂಗಡ್ಡೆ ಬಿಲ್ಲೆಗಳನ್ನು ಹಾಲು, ಕೆನೆಯಲ್ಲಿ ಬೇಯಿಸಿ ಓವನ್ನಿನಲ್ಲಿ ಕೆಂಪಗೆ ಮಾಡುವ, ಫ್ರಾನ್ಸಿನ ದೋಫಿನೆ ಪ್ರಾಂತ್ಯದ ಅಡುಗೆ ಇದು. ಅಲ್ಲಿ ಚೀಸ್ ಹಾಕದೆ ಬರೀ ಕೆನೆಯಲ್ಲಿ ಮಾಡುವವರೂ ಇದ್ದಾರೆ. ನಮ್ಮ ಮಕ್ಕಳ ಹತ್ತಿರ ಆ ಮಾತು ನಡೆಯಲ್ಲ!

ಅತ್ತೆಗೆ ಶುಗರ್ ಇದೆ. "ಆಲೂಗಡ್ಡೆ ಅಲ್ವಾ, ನಂಗೆ ಬೇಡಮ್ಮ" ಅಂದರು. ಸರಿ, ಲೆಕ್ಕ ಹಾಕಿಯೇ ನೋಡೋಣ ಅಂತ ತೂಕದ ಯಂತ್ರ ತೆಗೆದೆ.

ಸಿಪ್ಪೆ ತೆಗೆದ ಆಲೂಗಡ್ಡೆ 1 ಕಿಲೋ, ಸುಮಾರು 770 ಕ್ಯಾಲೊರಿ. ಪ್ರೊಸೆಸ್ಡ್ ಚೀಸ್ 200 ಗ್ರಾಂ, 630. ಫ್ರೆಶ್ ಕ್ರೀಮ್ 200 ಮಿಲಿ, 490. ಬೆಣ್ಣೆ 25 ಗ್ರಾಂ, 180. ಟೋನ್ಡ್ ಹಾಲು 300 ಮಿಲಿ, 175. ಎಲ್ಲ ಸೇರಿ 2,245. ಆರು ಪಾಲು ಮಾಡಿದರೆ ಒಂದಕ್ಕೆ ಸುಮಾರು 375 ಕ್ಯಾಲೊರಿ, 22 ಗ್ರಾಂ ಕೊಬ್ಬು, 12 ಗ್ರಾಂ ಪ್ರೊಟೀನ್. ಬೈಸಿಕೊಳ್ಳೋದು ಆಲೂಗಡ್ಡೆ, ಆದರೆ ಕ್ಯಾಲೊರಿಯಲ್ಲಿ ಅದರ ಪಾಲು ಮೂರನೇ ಒಂದು ಭಾಗ ಮಾತ್ರ. ಮಿಕ್ಕಿದ್ದೆಲ್ಲ ಹಾಲು, ಕೆನೆ, ಬೆಣ್ಣೆ, ಚೀಸಿನದು.

ಆದರೂ ಅತ್ತೆಯ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಶುಗರ್ ಏರಿಸುವ ಕಾರ್ಬೋಹೈಡ್ರೇಟ್ ಒಂದು ಪಾಲಿನಲ್ಲಿ 32 ಗ್ರಾಂ ಇದೆ. 100 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 28. ಅಂದರೆ ಇದು ಅನ್ನದ ಬದಲು ತಿನ್ನುವಂಥದ್ದು, ಅನ್ನದ ಜೊತೆಗಲ್ಲ.

ಇನ್ನೊಂದು ವಿಷಯ. ಬೇಯುವಾಗ ನೀರಿನಂಶ ಆವಿಯಾಗುತ್ತದೆ, ಕ್ಯಾಲೊರಿ ಹೋಗುವುದಿಲ್ಲ. ಅದಕ್ಕೇ ಖಾಲಿ ಟ್ರೇ ತೂಕ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಬೆಂದ ಮೇಲೆ ಟ್ರೇ ಸಮೇತ ತೂಗಿ, ಅದನ್ನು ಕಳೆಯುತ್ತೇನೆ. ಒಳಗಿರುವುದು 1,450 ಗ್ರಾಂ ಆದರೆ 100 ಗ್ರಾಂಗೆ ಸುಮಾರು 155 ಕ್ಯಾಲೊರಿ. ಆಮೇಲೆ ಯಾರು ಎಷ್ಟು ದೊಡ್ಡ ತುಂಡು ಹಾಕಿಕೊಂಡರೂ ಲೆಕ್ಕ ಸಿಗುತ್ತದೆ.

ಅತ್ತೆಗಾಗಿ ಮಾಡುವಾಗ ಕ್ರೀಮ್ ಬಿಟ್ಟು ಹಾಲು 500 ಮಿಲಿ ಹಾಕುತ್ತೇನೆ. ಬೆಣ್ಣೆ 10 ಗ್ರಾಂ ಸಾಕು. ಪ್ರೊಸೆಸ್ಡ್ ಬದಲು ಚೆಡ್ಡಾರ್ 80 ಗ್ರಾಂ. ರುಚಿ ಗಾಢ, ಸ್ವಲ್ಪದಲ್ಲೇ ಕೆಲಸ ಆಗುತ್ತದೆ. ಆಲೂಗಡ್ಡೆ ತೆಳ್ಳಗೆ ಹೆಚ್ಚಿದ ಮೇಲೆ ತೊಳೆಯಬಾರದು, ಗಂಜಿ ಹೊರಟುಹೋಗುತ್ತದೆ. ಬಿಲ್ಲೆಗಳನ್ನು ಹಾಲಲ್ಲೇ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೇಯಿಸಿದರೆ ಹಾಲು ಸೌಟಿಗೆ ಅಂಟುವಷ್ಟು ಮಂದವಾಗುತ್ತದೆ. ಆಗ ಟ್ರೇಗೆ ಸುರಿದು, ಚೀಸ್ ಪೂರ್ತಿ ಮೇಲ್ಗಡೆಯೇ ಉದುರಿಸಿ, ಓವನ್ನಿನಲ್ಲಿ ಕೆಂಪಗಾಗುವವರೆಗೆ ಇಡುತ್ತೇನೆ. ಉಪ್ಪು ಕೊನೆಗೆ, ರುಚಿ ನೋಡಿಯೇ. ಚೀಸಿನಲ್ಲೇ ಬೇಕಾದಷ್ಟಿರುತ್ತದೆ.

ಇದರಲ್ಲಿ ಒಂದು ಪಾಲಿಗೆ ಸುಮಾರು 240 ಕ್ಯಾಲೊರಿ, ಕೊಬ್ಬು 8 ಗ್ರಾಂ ಚಿಲ್ಲರೆ. ಪ್ರೊಟೀನ್ ಕೂಡ 9ಕ್ಕೆ ಇಳಿಯುತ್ತದೆ, ಹಾಗಾಗಿ ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ ಇಡುತ್ತೇನೆ. ಕಾರ್ಬೋಹೈಡ್ರೇಟ್ ಮಾತ್ರ ಹೆಚ್ಚೂ ಕಡಿಮೆ ಅಷ್ಟೇ. ಅತ್ತೆ ಅರ್ಧ ಪಾಲು ತಿನ್ನುತ್ತಾರೆ. ಮಕ್ಕಳು "ಇದು ಅದಲ್ಲ" ಅಂತ ಮುಖ ಸಿಂಡರಿಸುತ್ತಾರೆ. ಅವರ ಕ್ರೀಮಿನ ಗ್ರಾಟಿನ್ ಹುಟ್ಟುಹಬ್ಬಕ್ಕೆ.