ಜೋನಿಬೆಲ್ಲ ಕುಡಿದ ಬ್ಯಾಗ್‌ಪೈಪ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ. ಹದಿನೇಳು ವರ್ಷ ಸೈನ್ಯದಲ್ಲಿದ್ದೆ. ಅದರಲ್ಲಿ ಜಾಸ್ತಿ ವರ್ಷ ಕಳೆದದ್ದು ಪೈಪ್ ಬ್ಯಾಂಡಿನಲ್ಲಿ. ಊರಿಗೆ ಬರುವಾಗ ಟ್ರಂಕಿನಲ್ಲಿ ನನ್ನದೇ ಒಂದು ಬ್ಯಾಗ್‌ಪೈಪ್ ಇತ್ತು. ಮೊದಲ ದಿನ ಅಂಗಳದಲ್ಲಿ ನಿಂತು ಊದಿದೆ. ನಾಯಿ ತೋಟಕ್ಕೆ ಓಡಿತು. ಚಿಕ್ಕಮ್ಮ ಹಿತ್ತಲಿಂದ ಬಂದು, "ಯಾರ ಮನೇಲಿ ಮದುವೆ? ವಾಲಗ ಕೇಳ್ತಾ ಉಂಟಲ್ಲ" ಅಂದರು.

ಚಿಕ್ಕಮ್ಮನ ಕಿವಿ ಸರಿಯಾಗಿಯೇ ಇತ್ತು. ವಾಲಗದಲ್ಲಿ ಒಬ್ಬರು ನಾದಸ್ವರ ನುಡಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಕೆನ್ನೆ ಉಬ್ಬಿಸಿ, ಒಂದೇ ಶ್ರುತಿ ಹಿಡಿದಿರುವ ಒತ್ತು ಊದುತ್ತಾರೆ. ಬ್ಯಾಗ್‌ಪೈಪಿನಲ್ಲಿ ಆ ಎರಡೂ ಕೆಲಸ ಒಬ್ಬನದೇ. ಬೆರಳಾಡುವ ಕೊಳವೆಗೆ ಚಾಂಟರ್ ಅನ್ನುತ್ತಾರೆ. ಎಂಟು ತೂತು, ಒಂಬತ್ತು ಸ್ವರ. ಹೆಗಲ ಮೇಲೆ ಒರಗುವ ಮೂರು ಕೊಳವೆಗಳು ಡ್ರೋನ್, ಅಂದರೆ ಒತ್ತು. ಎರಡು ಚಾಂಟರಿನ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ, ಉದ್ದನೆಯದು ಎರಡು ಸ್ಥಾಯಿ ಕೆಳಗೆ. ಉಬ್ಬಿದ ಕೆನ್ನೆಯ ಜಾಗದಲ್ಲಿ ಚರ್ಮದ ಚೀಲ. ಉಸಿರು ಎಳೆದುಕೊಳ್ಳುವ ಹೊತ್ತಿಗೆ ತೋಳು ಆ ಚೀಲವನ್ನು ಅದುಮುತ್ತದೆ, ನಾದ ಕಡಿಯುವುದಿಲ್ಲ.

ಕಷ್ಟ ಇರುವುದೂ ಅಲ್ಲೇ. ನಿಲ್ಲಿಸಲಿಕ್ಕೆ ಬರುವುದಿಲ್ಲ, ಮೆಲ್ಲಗೆ ನುಡಿಸಲಿಕ್ಕೂ ಬರುವುದಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕು ಅಂದರೆ ನಡುವೆ ಬೇರೊಂದು ಸ್ವರವನ್ನು ಚಿಟಿಕೆ ಹೊಡೆದ ಹಾಗೆ ತಾಗಿಸಬೇಕು. ಇಲ್ಲದಿದ್ದರೆ ಎರಡೂ ಸೇರಿ ಒಂದೇ ಉದ್ದ ಸ್ವರ ಆಗಿಬಿಡುತ್ತದೆ. ನಮ್ಮ ಉಸ್ತಾದರು ಮೊದಲ ಎಂಟು ತಿಂಗಳು ಚೀಲವನ್ನು ಮುಟ್ಟಲೂ ಬಿಡಲಿಲ್ಲ. ಬರೀ ಅಭ್ಯಾಸದ ಚಾಂಟರ್, ಬರೀ ಈ ಚಿಟಿಕೆಗಳು. ಹಳೆಯ ಕಾಲದ ಸ್ಕಾಟ್ಲೆಂಡಿನಲ್ಲಿ ಗುರುಗಳು ಪಾಠವನ್ನು ಬಾಯಲ್ಲಿ ಹಾಡಿ ಕಲಿಸುತ್ತಿದ್ದರಂತೆ. ಒಂದೊಂದು ಸ್ವರಕ್ಕೆ, ಒಂದೊಂದು ಚಿಟಿಕೆಗೆ ಒಂದೊಂದು ಅಕ್ಷರ. ಮದ್ದಳೆಯವರು ಬಾಯಿತಾಳ ಹೇಳಿಕೊಡುವುದಿಲ್ವಾ, ಹಾಗೆ.

ಊರಿಗೆ ಬಂದ ಮೇಲೆ ನನ್ನ ನಿಜವಾದ ಪರೀಕ್ಷೆ ಶುರುವಾದದ್ದು ಜೂನ್‌ನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಗೋಡೆ ಬೆವರುವುದಕ್ಕೆ ಏನೂ ಕಡಿಮೆ ಇಲ್ಲ. ಹದಿನೈದು ದಿನದಲ್ಲಿ ಚೀಲಕ್ಕೆ ಬೂಷ್ಟು ಹಿಡಿಯಿತು. ಕೊಳವೆಗಳ ಸಂದಿಗೆ ಸುತ್ತುವ ಸೆಣಬಿನ ದಾರ ಉಬ್ಬಿ ಡ್ರೋನ್ ಜಗ್ಗಿದರೂ ಅಲುಗುವುದಿಲ್ಲ. ಡ್ರೋನನ್ನು ಮೇಲೆ ಎಳೆದರೆ ಶ್ರುತಿ ಇಳಿಯುತ್ತದೆ, ಒಳಗೆ ತಳ್ಳಿದರೆ ಏರುತ್ತದೆ. ಅದೇ ಆಗದಿದ್ದರೆ ಶ್ರುತಿ ಮಾಡುವುದು ಹೇಗೆ? ಚಾಂಟರಿನ ಒಳಗೆ ಕೂತು ನಾದ ಹೊರಡಿಸುವ ಪೀಪಿಯಂತೂ ನೆನೆದ ಅವಲಕ್ಕಿ.

ಅಡಿಕೆ, ಕಾಳುಮೆಣಸು ಒಣಗಿಸುವ ಅಟ್ಟ ಇದೆಯಲ್ಲ, ಅಲ್ಲಿ ಕಟ್ಟಿದೆ. ಕೆಳಗೆ ಬಚ್ಚಲ ಒಲೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಇಳಿಸಿ ನೋಡಿದರೆ, ಕೊಳವೆಯನ್ನು ಚೀಲಕ್ಕೆ ಸಿಕ್ಕಿಸುವ ಒಂದು ಮರದ ಗೂಡು ಉದ್ದಕ್ಕೆ ಸೀಳಿತ್ತು. ನನ್ನದು ಶೀಶಮ್ ಮರದ್ದು, ಮೀರತ್‌ನಿಂದ ತಂದದ್ದು. ದುಬಾರಿ ವಾದ್ಯಗಳನ್ನು ಆಫ್ರಿಕಾದ ಬ್ಲ್ಯಾಕ್‌ವುಡ್‌ನಿಂದ ಮಾಡುತ್ತಾರೆ. ಇವೆರಡೂ ನಮ್ಮ ಬೀಟೆಯ ದಾಯಾದಿಗಳೇ, ಮೂರೂ ಡಾಲ್ಬರ್ಜಿಯಾ ಕುಲ. ಬೀಟೆಯನ್ನು ಗಡಿಬಿಡಿಯಲ್ಲಿ ಒಣಗಿಸಬಾರದು ಅಂತ ಊರಿನ ಆಚಾರಿಗೆ ಗೊತ್ತು. ನಾನು ಕೇಳಿದ್ದರೆ ತಾನೆ?

ಆಮೇಲೆ ಚೀಲದ ಉಪಚಾರ. ಚರ್ಮದ ಹೊಲಿಗೆಯಿಂದ ಗಾಳಿ ಸೋರದ ಹಾಗೆ ಹಳೆಯ ಪೈಪರುಗಳು ಜೇನುತುಪ್ಪ, ಕಾಕಂಬಿ ಹೀಗೆ ಏನೇನೋ ಒಳಗೆ ಹುಯ್ಯುತ್ತಿದ್ದರು. ನಮ್ಮ ಮನೆಯಲ್ಲಿ ಡಬ್ಬಗಟ್ಟಲೆ ಜೋನಿಬೆಲ್ಲ ಇತ್ತು. ಒಂದು ಲೋಟ ಬಿಸಿ ಮಾಡಿ ಹುಯ್ದು, ಚೆನ್ನಾಗಿ ಹಿಸುಕಿ, ತಲೆಕೆಳಗು ಮಾಡಿ ಸೋರಿಸಿದೆ. ಗಾಳಿ ಸೋರುವುದು ನಿಂತಿತು, ಸುಳ್ಳಲ್ಲ. ಆದರೆ ಮರುದಿನ ಬೆಳಿಗ್ಗೆ ಚೀಲದಿಂದ ಜಗಲಿ ಮೂಲೆಯ ತನಕ ಕಟ್ಟಿರುವೆಯ ಸಾಲು. ಎರಡು ಮಳೆಗಾಲ ಆ ಚೀಲದ ಜೊತೆ ಹೆಣಗಿ, ಕೊನೆಗೆ ಗೋರ್‌ಟೆಕ್ಸ್ ಅನ್ನುವ ಬಟ್ಟೆಯ ಚೀಲ ತರಿಸಿದೆ. ಒಳಗಿನ ತೇವ ತಾನಾಗಿ ಹೊರಗೆ ಹೋಗುತ್ತದೆ. ಚರ್ಮದ ಚೀಲ ತೋಳಿಗೆ ಕೊಡುವ ಹಿತ ಅದರಲ್ಲಿಲ್ಲ. ಆದರೆ ಇರುವೆಯೂ ಇಲ್ಲ.

ಪೀಪಿಯ ಸಮಸ್ಯೆ ಬಿಡಿಸಿದವರು ಪಕ್ಕದೂರಿನ ವಾಲಗದ ಅಜ್ಜ. ಒಂದು ಮದುವೆಯಲ್ಲಿ ಸಿಕ್ಕಿದಾಗ ಜೇಬಿನಿಂದ ತೆಗೆದು ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು, ತುಟಿಗೆ ಇಟ್ಟು ಕೀಂ ಅನ್ನಿಸಿದರು.

"ಇದೆಂತ ಹೊಸತು ಮಾರಾಯ್ರೆ, ನಮ್ಮದೇ ಅಲ್ವಾ? ಎರಡು ಎಲೆ ಕಟ್ಟಿದ್ದು. ನಮ್ಮದು ದಪ್ಪ, ನಿಮ್ಮದು ಸಣ್ಣ."

ಅವರು ಹೇಳಿದ ಉಪಾಯ ಸುಲಭ. ಒಂದೇ ಪೀಪಿ ನಂಬಿ ಕೂರಬಾರದು. ನಾಲ್ಕೈದು ಇಟ್ಟುಕೊಂಡು ಸರದಿ ಪ್ರಕಾರ ಊದಬೇಕು. ಊದಿದ ಕೂಡಲೇ ಒರೆಸಿ, ಗಾಳಿಯಾಡುವ ಡಬ್ಬಿಯಲ್ಲಿ ಹುರಿದ ಅಕ್ಕಿಯ ಗಂಟಿನ ಜೊತೆ ಇಡಬೇಕು. ಈಗ ಹಾಗೇ ಮಾಡುತ್ತೇನೆ. ಜೂನ್ ಬಂತು ಅಂದರೆ ಸಂದಿಯ ದಾರವನ್ನು ಒಂದೆರಡು ಸುತ್ತು ಬಿಚ್ಚುತ್ತೇನೆ, ಜನವರಿಯಲ್ಲಿ ಜೇನುಮೇಣ ಸವರಿ ಮತ್ತೆ ಸುತ್ತುತ್ತೇನೆ.

"ನಮ್ಮದೇ ಅಲ್ವಾ" ಅನ್ನುವ ಅಜ್ಜನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬ್ಯಾಂಡಿನಲ್ಲಿದ್ದಾಗ ನಾವೆಲ್ಲ ಇದು ಸ್ಕಾಟ್ಲೆಂಡಿನವರ ಸ್ವತ್ತು ಅಂತಲೇ ತಿಳಿದಿದ್ದೆವು. ಮಳೆಯ ಸಂಜೆಗಳಲ್ಲಿ ಓದುತ್ತಾ ಹೋದ ಹಾಗೆ ಅದು ಸಡಿಲಾಯಿತು. ರೋಮ್ ಸುಟ್ಟಾಗ ಪಿಟೀಲು ಬಾರಿಸಿದ ಅಂತ ನೀರೋ ಮೇಲೆ ಕಥೆ ಕಟ್ಟಿದ್ದಾರಲ್ಲ, ಆ ಕಾಲದಲ್ಲಿ ಪಿಟೀಲೇ ಇರಲಿಲ್ಲ. ಚೀಲದ ವಾದ್ಯ ಮಾತ್ರ ಇತ್ತು. ಅದನ್ನು ಜನರ ಮುಂದೆ ನುಡಿಸುತ್ತೇನೆ ಅಂತ ನೀರೋ ಹರಕೆ ಹೊತ್ತಿದ್ದನ್ನು ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಸ್ಪೇನಿನ ಗಲಿಸಿಯಾದಲ್ಲಿ ಇದು ಗೈತಾ, ಬಲ್ಗೇರಿಯಾದಲ್ಲಿ ಗೈಡಾ, ಟರ್ಕಿಯ ಕಪ್ಪು ಸಮುದ್ರದ ಕರೆಯಲ್ಲಿ ತುಲುಮ್, ಟ್ಯುನೀಷಿಯಾದಲ್ಲಿ ಮೆಜೂದ್. ಐರ್ಲೆಂಡಿನ ಇಲನ್ ಪೈಪನ್ನು ಬಾಯಿಂದ ಊದುವುದೇ ಇಲ್ಲ. ಮೊಣಕೈಯಲ್ಲಿ ತಿದಿ ಒತ್ತಿ ಗಾಳಿ ತುಂಬುತ್ತಾರೆ. ನಮ್ಮ ಮಳೆಗಾಲಕ್ಕೆ ಅದೇ ವಾಸಿಯಿತ್ತು, ಬಾಯಿಯ ತೇವವೇ ಒಳಗೆ ಹೋಗುವುದಿಲ್ಲ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಜೊತೆ ಕಳಿಸಿದ ಚಿನ್ನದ ತಟ್ಟೆಯಲ್ಲಿ ಬಲ್ಗೇರಿಯಾದ ಒಂದು ಹಾಡಿದೆ. ಆ ಹಾಡಿನ ಹಿಂದೆ ನುಡಿಯುವುದು ಗೈಡಾ.

ಹೆಸರುಗಳಲ್ಲೂ ಒಂದು ಸುಳಿವು ಸಿಗುತ್ತದೆ. ಕೊಲ್ಲಿ ದೇಶಗಳ ಜಿರ್ಬಾ ಅಂದರೆ ನೀರು ಹೊರುವ ಚರ್ಮದ ಚೀಲ. ರಾಜಸ್ಥಾನದ ಮಶಕ್ ಅಂದರೂ ಅದೇ. ಆಂಧ್ರದ ಕಡೆ ಶ್ರುತಿಗೆ ಊದುವ ಚೀಲದ ವಾದ್ಯದ ಹೆಸರು ತಿತ್ತಿ. ನಮ್ಮಲ್ಲೂ ತಿತ್ತಿ ಅಂದರೆ ತೊಗಲಿನ ಚೀಲ ತಾನೆ? ಆಡು ಕುರಿ ಸಾಕುವವರ ಕೈಯಲ್ಲಿ ಚರ್ಮವೂ ಇತ್ತು, ಊದುವ ಕಡ್ಡಿಯೂ ಇತ್ತು, ಕಳೆಯಲು ಹೊತ್ತೂ ಇತ್ತು. ಒಬ್ಬನೇ ಕಂಡುಹಿಡಿದ ಅಂತ ನನಗೆ ಅನ್ನಿಸುವುದಿಲ್ಲ.

ಯುದ್ಧದ ಕಥೆಗಳಲ್ಲಿ ನನಗೆ ಹತ್ತಿರವಾದದ್ದು ಒಂದೇ. ನಮ್ಮ ಹೊಸನಗರ ತಾಲ್ಲೂಕಿನ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದ. ಅದೇ ಹೈದರನ ಎದುರು 1781ರ ಜುಲೈನಲ್ಲಿ ತಮಿಳುನಾಡಿನ ಕರಾವಳಿಯ ಪೋರ್ಟೊ ನೋವೊದಲ್ಲಿ ಇಂಗ್ಲಿಷರು ಕಾದಾಡಿದರು. ಗುಂಡು ಜೋರಾದಷ್ಟೂ ಅವರ ಸ್ಕಾಟ್ಲೆಂಡಿನ ಹೈಲ್ಯಾಂಡರ್ ಪಡೆಯ ಒಬ್ಬ ಪೈಪರ್ ಜೋರಾಗಿ ಊದುತ್ತಿದ್ದನಂತೆ. ಇಂಗ್ಲಿಷರ ಜನರಲ್ ಐರ್ ಕೂಟ್ ಖುಷಿಯಾಗಿ, ಬೆಳ್ಳಿಯ ಪೈಪ್ ಕೊಡಿಸುತ್ತೇನೆ ಅಂದ. ಆಮೇಲೆ ಆ ರೆಜಿಮೆಂಟಿಗೆ 50 ಪೌಂಡ್ ಕೊಟ್ಟ ಅಂತ ಬರೆದಿಟ್ಟಿದ್ದಾರೆ. ಹೈದರನ ಕಡೆಯವರಿಗೆ ಆ ಸದ್ದು ಹೇಗೆ ಕೇಳಿಸಿತೋ. ಚಿಕ್ಕಮ್ಮನ ಹಾಗೆ, ಇದೆಂತ ವಾಲಗ ಅಂದುಕೊಂಡರೋ ಏನೋ.

ಹೋದ ವರ್ಷ ದೇವಸ್ಥಾನದ ಭಜನೆಗೆ ಕರೆದರು. ಹಾರ್ಮೋನಿಯಂ ಜೊತೆ ಕೂತು ಮರ್ಯಾದೆ ಕಳೆದುಕೊಂಡೆ. ನನ್ನ ಷಡ್ಜ ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಯಾವ ಮನೆಯನ್ನು ಒತ್ತಿದರೂ ಸೇರುವುದಿಲ್ಲ. ಸುಮ್ನೆ ಎದ್ದು ಬಂದೆ. ವಾಲಗದ ಅಜ್ಜ ಮಾತ್ರ ಬಿಡಲಿಲ್ಲ. ಚಾಂಟರಿನ ಸ್ವರಗಳು ಹರಿಕಾಂಭೋಜಿಯವು, ಹಾಗಾಗಿ ಮೋಹನ, ಮಧ್ಯಮಾವತಿ ಎರಡೂ ಸಿಗುತ್ತವೆ. ಗಮಕ ನಾದಸ್ವರದ ಹಾಗೆ ಬರುವುದಿಲ್ಲ, ಬರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಅಜ್ಜನ ಜಗಲಿಯಲ್ಲಿ ನಾನು ಮೋಹನ ನುಡಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದ್ದು ರಾಗವನ್ನಲ್ಲ, ಮೂರು ಡ್ರೋನುಗಳನ್ನು. "ಒತ್ತು ಊದಿ ಊದಿ ನಮ್ಮ ತಮ್ಮನ ಕೆನ್ನೆ ಜೋತು ಹೋಯ್ತು. ಈ ಚೀಲ ಆಗ ಇದ್ದಿದ್ರೆ" ಅಂದರು.

ಈ ವರ್ಷಕ್ಕೆ ಮೂರು ಹೊಸ ಪೀಪಿ ಬಂದಿವೆ, ಇನ್ನೂ ಬಿಗಿ. ದಿನಾ ಹತ್ತು ನಿಮಿಷ ಊದಿ ಪಳಗಿಸಬೇಕು. ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಬರುವುದರೊಳಗೆ ಒಂದಾದರೂ ಹದಕ್ಕೆ ಬಂದರೆ ಸಾಕು.