ಸಬ್‌ವೂಫರ್ ದನಿ ಒಡೆದಾಗ: ಬಿಚ್ಚುವ ಮೊದಲು ಕಿವಿಗೊಡಿ

ಅಕ್ಕನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಊಟ ಮುಗಿದ ಮೇಲೆ ಹುಡುಗರೆಲ್ಲ ಸೇರಿ ಹಜಾರದ ಹೋಂ ಥಿಯೇಟರನ್ನು ಸಂಜೆಯವರೆಗೂ ಪೂರ್ತಿ ದನಿಯಲ್ಲಿ ಹಾಕಿ ಕುಣಿದಿದ್ದರು. ಮರುದಿನ ಬೆಳಿಗ್ಗೆ ಅಕ್ಕ ದೇವರನಾಮ ಹಾಕಿದಾಗ ಮೃದಂಗದ ಎಡಬದಿಯ ತುಂಬುನಾದವೇ ಇಲ್ಲ. ಅದರ ಜಾಗದಲ್ಲಿ ಒಣಗಿದ ಮುತ್ತುಗದ ಎಲೆ ಹೊಸಕಿದಂತಹ ಸದ್ದು. ಪರಿಚಯದ ಅಂಗಡಿಯವರೊಬ್ಬರು ಫೋನಿನಲ್ಲೇ ‘ಬೋರ್ಡ್ ಸುಟ್ಟಿದೆ, ಹೊಸ ಸೆಟ್ ತೆಗೆದುಕೊಳ್ಳಿ’ ಎಂದುಬಿಟ್ಟರು. ‘ಎಸೆಯುವುದಕ್ಕೆ ಮೊದಲು ನೀನೊಮ್ಮೆ ಬಂದು ನೋಡಪ್ಪ’ ಎಂದು ಅಕ್ಕ ನನ್ನನ್ನು ಕರೆದಳು. ಸುಟ್ಟಿದ್ದು ಬೋರ್ಡ್ ಆಗಿರಲಿಲ್ಲ. ಅದನ್ನು ಕಂಡುಹಿಡಿಯಲು ಬೇಕಾದದ್ದು ಒಂದು ಮೊಬೈಲ್, ಒಂದು ಸ್ಕ್ರೂಡ್ರೈವರ್, ಗಡಿಯಾರದ ಒಂದು ಸೆಲ್ ಮತ್ತು ಒಂದು ಗಂಟೆಯ ತಾಳ್ಮೆ.

ಮೊದಲ ಕೆಲಸ, ಸಬ್‌ವೂಫರ್ ಅನ್ನು, ಅಂದರೆ ಬಾಸ್ ಎನ್ನುವ ತಗ್ಗು ಸ್ವರಗಳನ್ನು ಕೇಳಿಸುವ ದೊಡ್ಡ ಪೆಟ್ಟಿಗೆಯನ್ನು, ಆರಿಸಿ ಪ್ಲಗ್ ತೆಗೆಯುವುದು. ‘ಸ್ವಲ್ಪ ಮೆಲ್ಲಗೆ ಇಟ್ಟುಕೊಂಡರೆ ಕೇಳಬಹುದು’ ಎಂದು ಒಡೆದ ದನಿಯಲ್ಲೇ ವಾರಗಟ್ಟಲೆ ನಡೆಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಳಗಿನ ತಂತಿಸುರುಳಿ ಉಜ್ಜಿಕೊಳ್ಳುತ್ತಿದ್ದರೆ ಪ್ರತಿ ಪೆಟ್ಟಿಗೂ ತಂತಿಯ ಮೇಲಿನ ವಾರ್ನಿಷ್ ಒಂದಿಷ್ಟು ಸವೆಯುತ್ತದೆ. ಅದು ಪೂರ್ತಿ ಹೋದ ದಿನ ಸುರುಳಿ ಶಾರ್ಟ್ ಆಗಿ, ಸದ್ದಿಗೆ ಬಲ ಕೊಡುವ ಆಂಪ್ಲಿಫೈಯರ್ ಅನ್ನೂ ಜೊತೆಗೆ ಕರೆದೊಯ್ಯುತ್ತದೆ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ದುರಸ್ತಿ ಹಾಗೆ ಸಾವಿರಗಳಿಗೆ ಏರುತ್ತದೆ.

ಜೋರು ಸದ್ದಿನಿಂದ ಆಗುವುದೇನು?

ಸ್ಪೀಕರಿನ ಒಳರಚನೆ ತಿಳಿದಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಮುಂದೆ ಕಾಣುವ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕುವೇ ಕೋನ್. ಅದರ ಹೊರ ಅಂಚನ್ನು ರಬ್ಬರ್ ಅಥವಾ ಫೋಮ್‌ನ ಬಳೆ ಹಿಡಿದಿರುತ್ತದೆ. ಹಿಂದೆ, ಕಣ್ಣಿಗೆ ಕಾಣದಂತೆ, ನೆರಿಗೆ ನೆರಿಗೆಯಾದ ಬಟ್ಟೆಯ ತಟ್ಟೆಯೊಂದಿದೆ. ರಿಪೇರಿಯವರು ಅದನ್ನು ಸ್ಪೈಡರ್ ಎನ್ನುತ್ತಾರೆ. ಇವೆರಡರ ಹಿಡಿತದಲ್ಲಿ ತಾಮ್ರದ ವಾಯ್ಸ್ ಕಾಯಿಲ್, ಅಂದರೆ ಆಗಲೇ ಹೇಳಿದ ತಂತಿಸುರುಳಿ, ಅಯಸ್ಕಾಂತದ ಕಿರುಸಂದಿಯಲ್ಲಿ ತೂಗುತ್ತದೆ. ಆ ಸಂದಿಯಲ್ಲಿ ಸುರುಳಿಯ ಒಳಗೂ ಹೊರಗೂ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ವಿವರಿಸಿದ ವಿನ್ಯಾಸವೇ ಇಂದಿಗೂ ನಮ್ಮ ಹಜಾರದ ಪೆಟ್ಟಿಗೆಯೊಳಗಿದೆ.

ಇದಕ್ಕೆ ನಾವು ಕೊಡುವ ವಿದ್ಯುತ್ತಿನಲ್ಲಿ ಸದ್ದಾಗಿ ಹೊರಬರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಉಳಿದದ್ದೆಲ್ಲ ಶಾಖ, ಅದೂ ಆ ತೆಳುವಾದ ತಂತಿಯಲ್ಲಿ. ಗಂಟೆಗಟ್ಟಲೆ ಜೋರಾಗಿ ಹಾಕಿದಾಗ ತಂತಿಯನ್ನು ಹಿಡಿದ ಅಂಟು ಮೆತ್ತಗಾಗುತ್ತದೆ, ಸುರುಳಿಯ ಗುಂಡನೆಯ ಆಕಾರ ಕೆಡುತ್ತದೆ. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿದಾಗ ಅಲೆಗಳ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎಂಬ ಹೆಸರು. ಅಂತಹ ಅಲೆ ಸುರುಳಿಯನ್ನು ಇನ್ನಷ್ಟು ಕಾಯಿಸುತ್ತದೆ. ಸ್ವರ ತಗ್ಗಿದಷ್ಟೂ ಕೋನ್ ಹೆಚ್ಚು ದೂರ ಓಡಾಡಬೇಕೆಂಬುದೂ ಗಮನದಲ್ಲಿರಲಿ. ಮುಚ್ಚಿದ ಪೆಟ್ಟಿಗೆಯಲ್ಲಿ 80 ಹರ್ಟ್ಜ್‌ನ (ಸೆಕೆಂಡಿಗೆ 80 ಬಾರಿ ಅದುರುವ) ಸ್ವರವನ್ನು ಅದೇ ಜೋರಿನಲ್ಲಿ 40 ಹರ್ಟ್ಜ್‌ನಲ್ಲಿ ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ಚಲಿಸಬೇಕು. ಮಿತಿ ದಾಟಿದರೆ ಸುರುಳಿಯ ಬುಡ ಹಿಂದಿನ ಲೋಹದ ತಟ್ಟೆಗೆ ಬಡಿಯುತ್ತದೆ.

ಸದ್ದು ಯಾವ ಬಗೆಯದು?

ನನ್ನ ಮಟ್ಟಿಗೆ ಅತಿ ಮುಖ್ಯವಾದ ಹಂತ ಇದೇ. ‘ಸೌಂಡ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ರಿಪೇರಿಯವರಿಗೆ ಏನೂ ತಿಳಿಯುವುದಿಲ್ಲ. ಸದ್ದನ್ನು ಅನುಕರಿಸಿ ತೋರಿಸಬಲ್ಲ ಎಷ್ಟೋ ಮಾತುಗಳು ಕನ್ನಡದಲ್ಲಿವೆ. ಅವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮೆಲ್ಲಗಿಟ್ಟಾಗಲೂ ಮರಳುಕಾಗದ ಉಜ್ಜಿದಂತೆ ‘ಕರಕರ’ ಎಂದರೆ ಸುರುಳಿ ಅಯಸ್ಕಾಂತದ ಸಂದಿಯ ಗೋಡೆಗೆ ತಾಗುತ್ತಿದೆ. ಬಾಸ್‌ನ ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ‘ಟಕ್’ ಎಂದು ಗಟ್ಟಿಯಾಗಿ ಕೇಳಿದರೆ ಕೋನ್ ಮಿತಿ ಮೀರಿ ಬಡಿಯುತ್ತಿದೆ. ‘ಪರಪರ’ ಎಂದು ಹರಿದ ಸದ್ದಾದರೆ ಅಂಚಿನ ಬಳೆ ಬಿಟ್ಟಿದೆ, ಇಲ್ಲವೇ ಕೋನ್‌ಗೆ ಹೋಗುವ ಹೆಣೆದ ತಂತಿಗಳು ಕಾಗದಕ್ಕೆ ಬಡಿಯುತ್ತಿವೆ. ‘ಬುಸ್ ಬುಸ್’ ಎಂದರೆ ಗಾಳಿ ಎಲ್ಲೋ ಸಂದಿಯಿಂದ ನುಗ್ಗುತ್ತಿದೆ. ಹಾಡು ನಿಲ್ಲಿಸಿದ ಮೇಲೂ ‘ಗುಂಯ್’ ಎನ್ನುವುದು ನಿಲ್ಲದಿದ್ದರೆ ದೋಷ ಸಾಮಾನ್ಯವಾಗಿ ಸ್ಪೀಕರಿನದಲ್ಲ, ವಿದ್ಯುತ್ ಭಾಗದ್ದು ಅಥವಾ ಕೇಬಲ್ಲಿನದು. ದನಿ ತಗ್ಗಿಸಿದಾಗ ಎಲ್ಲವೂ ಸ್ವಚ್ಛವಾಗಿದ್ದು, ಏರಿಸಿದಾಗ ಮಾತ್ರ ಒಡೆದರೆ ಕ್ಲಿಪ್ಪಿಂಗ್‌ನ ಅನುಮಾನ ಮೊದಲು ಬರಬೇಕು.

ಇನ್ನೊಂದು ಗುರುತೂ ಇದೆ. ತಣ್ಣಗಿದ್ದಾಗ ಸರಿಯಿದ್ದು, ಅರ್ಧ ಗಂಟೆ ನಡೆದ ಮೇಲೆ ದನಿ ಕೆಡುತ್ತದೆಯೇ? ಹಾಗಿದ್ದರೆ ಕಾದ ಸುರುಳಿ ಹಿಗ್ಗಿ ತಾಗುತ್ತಿರಬಹುದು ಅಥವಾ ಆಂಪ್ಲಿಫೈಯರ್ ಬಿಸಿಯಾಗಿ ಸೋಲುತ್ತಿರಬಹುದು. ಆದ್ದರಿಂದ ಜೋರಾಗಿ ಹಾಕಿದ ಕೂಡಲೇ ತೀರ್ಪು ಕೊಡಬೇಡಿ. ಒಂದೆರಡು ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಕೇಳಿ.

ಮನೆಯನ್ನೇ ಮೊದಲು ಅನುಮಾನಿಸಿ

ಅಕ್ಕನ ಹಜಾರದಲ್ಲಿ ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ 30ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರ ಹಾಕಿದೆ, ತಗ್ಗಿದ ದನಿಯಲ್ಲಿ. 50ರ ಆಸುಪಾಸಿನಲ್ಲಿ ಷೋಕೇಸಿನ ಗಾಜು ಗಲಗಲ ಎಂದಿತು. ಅದರ ಮೇಲೆ ಕೈಯಿಟ್ಟರೆ ಸದ್ದು ಮಾಯ. ಅಲ್ಲಿಗೆ ಅರ್ಧ ದೂರು ಪರಿಹಾರವಾದಂತಾಯಿತು. ನಮ್ಮ ಮನೆಗಳಲ್ಲಿ ಅದುರುವ ವಸ್ತುಗಳಿಗೆ ಕೊರತೆಯಿಲ್ಲ: ಗಾಡ್ರೇಜ್ ಬೀರುವಿನ ಬಾಗಿಲು, ಗೋಡೆಯ ಫೋಟೊ, ಕಿಟಕಿಯ ಕೊಂಡಿ, ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನ ತಟ್ಟೆಗಳು. ಸ್ವರ ಹಾಕಿಕೊಂಡು ಒಂದೊಂದನ್ನೂ ಒತ್ತಿ ನೋಡಿ. ಗಾಜಿನ ಅಂಚಿಗೆ ಸಣ್ಣ ಫೆಲ್ಟ್ ಚೂರು ಅಂಟಿಸಿದರೆ ಸಾಕು. ಈ ಸ್ವರಪರೀಕ್ಷೆಯನ್ನು ಮಾತ್ರ ಎಂದಿಗೂ ಜೋರಾಗಿ ಮಾಡಬಾರದು. ಹಾಡಿನಲ್ಲಿ ಸುರುಳಿಗೆ ಉಸಿರಾಡಲು ಬಿಡುವು ಸಿಗುತ್ತದೆ, ಒಂದೇ ಸಮನೆ ಹರಿಯುವ ಸ್ವರದಲ್ಲಿ ಸಿಗುವುದಿಲ್ಲ.

ನಂತರ ಹಾಡು ಬರುವ ದಾರಿಯನ್ನು ನೋಡಿ. ಮೊಬೈಲಿನ ಈಕ್ವಲೈಜರಿನಲ್ಲಿ ಬಾಸ್ ಬೂಸ್ಟ್, ಟಿ.ವಿ.ಯಲ್ಲಿ ಇನ್ನೊಂದು, ಆಂಪ್ಲಿಫೈಯರಿನಲ್ಲಿ ಮತ್ತೊಂದು ಹೀಗೆ ಮೂರು ಕಡೆ ಏರಿಸಿಟ್ಟವರೇ ಹೆಚ್ಚು. 10 ಡೆಸಿಬೆಲ್ ಬಾಸ್ ಏರಿಸಿದರೆ ಆ ಸ್ವರಗಳಿಗೆ ಹತ್ತು ಪಟ್ಟು ಶಕ್ತಿ ಬೇಕು. ಮನೆಯ ಪುಟ್ಟ ಆಂಪ್ಲಿಫೈಯರ್ ಅದನ್ನು ಎಲ್ಲಿಂದ ತರಬೇಕು? ಎಲ್ಲವನ್ನೂ ಸೊನ್ನೆಗೆ ತನ್ನಿ. ಬ್ಲೂಟೂತ್ ಬಿಟ್ಟು ತಂತಿಯಲ್ಲಿ, ಸಾಧ್ಯವಾದರೆ ಬೇರೆ ಮೊಬೈಲಿನಿಂದ, ಬೇರೆ ಹಾಡು ಹಾಕಿ. ಕೆಲವು ಹಾಡುಗಳ ರೆಕಾರ್ಡಿಂಗ್‌ನಲ್ಲೇ ಬಾಸ್ ಒಡೆದಿರುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 2.1, 4.1, 5.1 ಸೆಟ್‌ಗಳಲ್ಲಿ ಎಲ್ಲ ಸ್ಪೀಕರುಗಳ ಆಂಪ್ಲಿಫೈಯರ್ ಸಬ್‌ವೂಫರ್ ಪೆಟ್ಟಿಗೆಯೊಳಗೇ ಇರುತ್ತದೆ. ಇದರಿಂದ ಪರೀಕ್ಷೆ ಸುಲಭ. ಸಣ್ಣ ಸ್ಪೀಕರುಗಳಿಗೆ ಕಿವಿಯಿಟ್ಟು ಕೇಳಿ. ಅವುಗಳ ದನಿಯೂ ಒಡೆದಿದ್ದರೆ ದೋಷ ವಿದ್ಯುತ್ ಭಾಗದಲ್ಲೋ ಹಾಡು ಬರುವ ದಾರಿಯಲ್ಲೋ ಇದೆ. ಅವು ಸ್ವಚ್ಛವಾಗಿದ್ದು ಸಬ್‌ವೂಫರ್ ಮಾತ್ರ ಒಡೆದಿದ್ದರೆ ದೋಷ ಅದರ ಸ್ಪೀಕರಿನಲ್ಲೋ ಅದನ್ನು ನಡೆಸುವ ಐ.ಸಿ. ಚಿಪ್‌ನಲ್ಲೋ ಇದೆ.

ಪೆಟ್ಟಿಗೆ ಮತ್ತು ಕೋನ್

ಪ್ಲಗ್ ತೆಗೆದು, ಮುಂದಿನ ಬಟ್ಟೆಯ ಜಾಲರಿ ಕಳಚಿ. ಸ್ಪೀಕರಿನ ಸುತ್ತಲಿನ ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದೇ ಬಿಗಿ ಮಾಡಿ. ಅತಿಯಾಗಿ ತಿರುಗಿಸಿದರೆ ಹಲಗೆಯ ರಂಧ್ರ ಹಾಳಾಗುತ್ತದೆ. ಗಾಳಿಯಾಡುವ ಕೊಳವೆಯೊಳಗೆ ಟಾರ್ಚ್ ಹಾಕಿ ನೋಡಿ. ಮಕ್ಕಳಿರುವ ಮನೆಯಲ್ಲಿ ಪೆನ್ಸಿಲ್, ಆಟಿಕೆ, ನಾಣ್ಯ ಅಲ್ಲಿ ಸೇರಿಕೊಳ್ಳುತ್ತವೆ. ಜಿರಳೆಗೂ ಇಲಿಮರಿಗೂ ಅದು ಬೆಚ್ಚನೆಯ ಮನೆ.

ಬಳೆಯ ಸುತ್ತ ಬೆರಳಾಡಿಸಿ. ರಬ್ಬರ್ ಆದರೆ ಅಂಟು ಬಿಟ್ಟಿರುವುದು ಕಾಣುತ್ತದೆ. ಫೋಮ್ ಆದರೆ ಹತ್ತು ಹದಿನೈದು ವರ್ಷಗಳಲ್ಲಿ ತಾನಾಗಿಯೇ ಪುಡಿಯಾಗುತ್ತದೆ, ಕರಾವಳಿಯ ಸೆಕೆ ತೇವದಲ್ಲಿ ಇನ್ನೂ ಬೇಗ. ಜೋರು ಸದ್ದು ಅದಕ್ಕೆ ಕೊನೆಯ ಪೆಟ್ಟು ಕೊಟ್ಟಿರುತ್ತದೆ, ಅಷ್ಟೆ. ಕಾಗದದ ಕೋನ್‌ನಲ್ಲಿ ಸಣ್ಣ ಸೀಳಿದ್ದರೆ ಮರಗೆಲಸದ ಬಿಳಿ ಅಂಟಿನಲ್ಲಿ ಟಿಶ್ಯೂ ಕಾಗದದ ತುಂಡು ಅದ್ದಿ ಹಚ್ಚಿ ಒಂದು ದಿನ ಒಣಗಿಸಬಹುದು. ಬಳೆಗೆ ಮಾತ್ರ ಒಣಗಿದ ಮೇಲೂ ಬಾಗುವ ರಬ್ಬರ್ ಅಂಟೇ ಬೇಕು. ಕ್ಷಣದಲ್ಲಿ ಕಲ್ಲಾಗುವ ಅಂಟು ಹಾಕಿದರೆ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ನಡುವಿನ ಗುಂಡನೆಯ ಟೊಪ್ಪಿ ತಗ್ಗಿದ್ದರೆ ಚಿಂತೆಯಿಲ್ಲ, ಅದು ಹೆಚ್ಚಾಗಿ ಅಂದಕ್ಕೆ ಮಾತ್ರ ಸಂಬಂಧಿಸಿದ್ದು.

ಈಗ ಕೈಯ ಪರೀಕ್ಷೆ. ಎರಡೂ ಕೈಗಳ ಬೆರಳುಗಳನ್ನು ಟೊಪ್ಪಿಯ ಸುತ್ತ ಸಮನಾಗಿ ಇಟ್ಟು ಕೋನನ್ನು ಅರ್ಧ ಸೆಂಟಿಮೀಟರಿನಷ್ಟು ಮೃದುವಾಗಿ ಒಳಗೆ ಒತ್ತಿ, ಬಿಡಿ. ಒಂದೇ ಕಡೆ ಒತ್ತಿದರೆ ಒಳ್ಳೆಯ ಸ್ಪೀಕರ್ ಕೂಡ ಉಜ್ಜುತ್ತದೆ, ಅದನ್ನು ದೋಷವೆಂದು ತಿಳಿಯಬಾರದು. ಬೆಣ್ಣೆಯಲ್ಲಿ ಜಾರಿದಂತೆ ಹೋಗಿ ಬಂದರೆ ಸುರುಳಿ ಸರಿಯಿದೆ. ಅಕ್ಕನ ಸ್ಪೀಕರ್ ಒತ್ತಿದಾಗ ಬೆರಳ ತುದಿಗೇ ತಿಳಿಯಿತು: ಒಳಗೆ ಏನೋ ಗೀರುತ್ತಿತ್ತು.

ಸ್ಪೀಕರನ್ನು ಹೊರತೆಗೆದ ಮೇಲೆ ಅದರ ಎರಡು ತಂತಿಗಳನ್ನು ಗುರುತು ಮಾಡಿಕೊಂಡು ಬಿಡಿಸಿ. 1.5 ವೋಲ್ಟ್ ಸೆಲ್‌ನ ಎರಡು ತುದಿಗಳನ್ನು ಸ್ಪೀಕರಿನ ಆ ಎರಡು ಕೊಂಡಿಗಳಿಗೆ ಒಂದು ಕ್ಷಣ ಮಾತ್ರ ತಾಗಿಸಿ. ಕೋನ್ ಜಿಗಿದು ‘ಥಪ್’ ಎಂಬ ಮೆತ್ತನೆಯ ಸದ್ದು ಬಂದರೆ ಸಂತೋಷ. ಗೀರಿದ ಸದ್ದಾದರೆ ಸುರುಳಿ ಕೆಟ್ಟಿದೆ. ಏನೂ ಆಗದಿದ್ದರೆ ತಂತಿ ಕಡಿದಿದೆ. ಮಲ್ಟಿಮೀಟರ್ ಇದ್ದರೆ ಓಮ್ (ವಿದ್ಯುತ್ತಿಗೆ ಸುರುಳಿ ಒಡ್ಡುವ ತಡೆಯ ಅಳತೆ) ನೋಡಿ. 4 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ 3ರಿಂದ 3.8ರವರೆಗೆ, 8 ಓಮ್‌ನದು 5.5ರಿಂದ 7ರವರೆಗೆ ತೋರಿಸುತ್ತದೆ. ಅದಕ್ಕಿಂತ ಬಹಳ ಕಡಿಮೆ ಬಂದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆ. ಅಂತಹ ಸ್ಪೀಕರನ್ನು ಮತ್ತೆ ಆಂಪ್ಲಿಫೈಯರಿಗೆ ಜೋಡಿಸಲೇಬೇಡಿ. ಮೂಸಿಯೂ ನೋಡಿ. ಸುಟ್ಟ ವಾರ್ನಿಷ್‌ನ ವಾಸನೆ ತಿಂಗಳಾದರೂ ಹೋಗುವುದಿಲ್ಲ.

ಗೀರುವುದು ತೀರಾ ಅಲ್ಪವಾಗಿದ್ದರೆ ಒಂದು ಹಳೆಯ ಉಪಾಯವಿದೆ. ವರ್ಷಗಟ್ಟಲೆ ನಿಂತೇ ಇದ್ದ ಸ್ಪೀಕರಿನ ಕೋನ್ ತನ್ನ ಭಾರಕ್ಕೇ ಕೂದಲೆಳೆಯಷ್ಟು ಕೆಳಗೆ ಜಗ್ಗಿರುತ್ತದೆ. ಸ್ಪೀಕರನ್ನು ಅರ್ಧ ಸುತ್ತು ತಿರುಗಿಸಿ, ಮೇಲಿದ್ದದ್ದು ಕೆಳಗೆ ಬರುವಂತೆ ಕೂರಿಸಿದರೆ ಸುರುಳಿ ಮತ್ತೆ ನಡುವಿಗೆ ಬರಬಹುದು. ಅಕ್ಕನ ಮನೆಯಲ್ಲಿ ಇದನ್ನೂ ಮಾಡಿ ನೋಡಿದೆ. ಸುರುಳಿಯೇ ಉಬ್ಬಿದ್ದರಿಂದ ಫಲ ಸಿಗಲಿಲ್ಲ.

ಇಲ್ಲಿ ಕೈ ತಡೆಯಿರಿ

ಸ್ಪೀಕರ್ ಎಲ್ಲ ಪರೀಕ್ಷೆಗಳಲ್ಲೂ ಗೆದ್ದರೆ ಅನುಮಾನ ಆಂಪ್ಲಿಫೈಯರಿನತ್ತ ಹೋಗುತ್ತದೆ. ಅಷ್ಟೇ ಓಮ್‌ನ, ಸರಿಯಿರುವ ಇನ್ನೊಂದು ಸ್ಪೀಕರನ್ನು ಅದಕ್ಕೆ ಜೋಡಿಸಿ ತೀರಾ ಮೆಲ್ಲಗೆ ಕೇಳಿ. ಆಗಲೂ ಒಡೆದರೆ ದೋಷ ಬೋರ್ಡಿನದೇ. ಸ್ವಿಚ್ ಹಾಕಿದ ಕೂಡಲೇ ಕೋನ್ ಹೊರಗೋ ಒಳಗೋ ಸರಿದು ಅಲ್ಲೇ ನಿಂತುಬಿಟ್ಟರೆ ಮರುಕ್ಷಣವೇ ಆರಿಸಿ. ಸ್ಪೀಕರಿಗೆ ಏಕಮುಖ ವಿದ್ಯುತ್ (ಡಿ.ಸಿ.) ಹರಿಯುತ್ತಿದೆ ಎಂದು ಅದರರ್ಥ. ಸುರುಳಿ ಸುಡಲು ಹೆಚ್ಚು ಹೊತ್ತು ಬೇಕಿಲ್ಲ.

ಬೋರ್ಡಿನ ಮೇಲಿನ ದೊಡ್ಡ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ, ಗುಂಯ್‌ಗುಡುವುದಕ್ಕೂ ಜೋರಿನಲ್ಲಿ ದನಿ ಒಡೆಯುವುದಕ್ಕೂ ಅವೇ ಕಾರಣವಾಗಿರಬಹುದು. ನಮ್ಮ 50 ಹರ್ಟ್ಜ್‌ನ ವಿದ್ಯುತ್ತನ್ನು ಏಕಮುಖ ಮಾಡುವಾಗ 100 ಹರ್ಟ್ಜ್‌ನ ಅಲೆ ಉಳಿಯುತ್ತದೆ. ಅದನ್ನು ನುಂಗುವುದು ಕೆಪಾಸಿಟರಿನ ಕೆಲಸ. ಆದರೆ ಇವನ್ನು ಬದಲಾಯಿಸುವುದನ್ನು ನಾನಿಲ್ಲಿ ಹೇಳಿಕೊಡುವುದಿಲ್ಲ. ಪ್ಲಗ್ ತೆಗೆದ ಮೇಲೂ ಇವುಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಪಕ್ಕದಲ್ಲೇ 230 ವೋಲ್ಟ್‌ನ ಜೋಡಣೆಯಿರುತ್ತದೆ. ಕಣ್ಣಿನಿಂದ ನೋಡಿ, ಫೋಟೊ ತೆಗೆದುಕೊಳ್ಳಿ, ಬೆರಳು ಹಾಕಬೇಡಿ. ವಾರಂಟಿ ಇನ್ನೂ ಇದ್ದರೆ ಪೆಟ್ಟಿಗೆಯ ಒಂದು ಸ್ಕ್ರೂವನ್ನೂ ಬಿಚ್ಚದೆ ಸರ್ವಿಸ್ ಸೆಂಟರಿಗೆ ಕೊಡಿ.

ಎಸೆಯಬೇಡಿ, ಕಟ್ಟಿಸಿ

ಸುರುಳಿ ಕೆಟ್ಟ ಸ್ಪೀಕರಿಗೆ ಹೊಸ ಕಾಯಿಲ್, ಸ್ಪೈಡರ್, ಕೋನ್ ಹಾಕುವುದಕ್ಕೆ ರೀಕೋನಿಂಗ್ ಎನ್ನುತ್ತಾರೆ. ಊರಿನ ಸೌಂಡ್ ಸಿಸ್ಟಂ ಬಾಡಿಗೆ ಕೊಡುವವರನ್ನು ಕೇಳಿ. ಜಾತ್ರೆ, ಮದುವೆಗಳಲ್ಲಿ ಸ್ಪೀಕರ್ ಸುಟ್ಟಾಗ ತಾವು ಯಾರ ಬಳಿ ಒಯ್ಯುತ್ತೇವೆಂದು ಅವರೇ ಹೇಳುತ್ತಾರೆ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಕೊಡುವಾಗ ಓಮ್ ಎಷ್ಟೆಂದು ಹೇಳಿ, ಅಷ್ಟೇ ಓಮ್‌ನ ಕಾಯಿಲ್ ಹಾಕಿಸಿ. 8ರ ಬದಲು 4 ಹಾಕಿದರೆ ಆಂಪ್ಲಿಫೈಯರಿನ ಮೇಲೆ ಭಾರ ಇಮ್ಮಡಿಯಾಗುತ್ತದೆ. ಅಯಸ್ಕಾಂತದ ಸಂದಿಯಲ್ಲಿ ಕಬ್ಬಿಣದ ಪುಡಿ ಉಳಿಯದಂತೆ ಸ್ವಚ್ಛ ಮಾಡಲು ಮರೆಯದೆ ಹೇಳಿ. ಪುಡಿ ಉಳಿದರೆ ಹೊಸ ಸುರುಳಿಯೂ ವಾರದಲ್ಲಿ ಗೀರತೊಡಗುತ್ತದೆ. ಅಕ್ಕನ ಸ್ಪೀಕರ್ ಕಟ್ಟಿಕೊಟ್ಟ ಹಿರಿಯರು ಸುರುಳಿಯ ಸುತ್ತ ತೆಳು ಫಿಲಂ ಚೂರುಗಳನ್ನು ಸಿಕ್ಕಿಸಿ, ಅದನ್ನು ನಟ್ಟನಡುವೆ ಕೂರಿಸಿ, ಅಂಟು ಒಣಗಿದ ಮೇಲಷ್ಟೇ ಒಂದೊಂದಾಗಿ ಎಳೆದು ತೆಗೆದ ರೀತಿಯನ್ನು ನೋಡುತ್ತಾ ನಾನು ಅರ್ಧ ದಿನ ಅಲ್ಲೇ ಕುಳಿತಿದ್ದೆ. ಆ ಕೈಗಳಿಗೆ ಕೆಲಸ ಸಿಗುತ್ತಿರಬೇಕು.

ಸ್ಪೀಕರ್ ಮರಳಿ ಬಂದ ಮೇಲೆ ಮೊದಲ ಕೆಲವು ದಿನ ಸಾಧಾರಣ ದನಿಯಲ್ಲೇ ಕೇಳಿ. ಹೊಸ ಸ್ಪೈಡರ್ ಬಿಗಿಯಾಗಿರುತ್ತದೆ, ಮೆಲ್ಲಗೆ ಪಳಗುತ್ತದೆ. ಸಣ್ಣ ಸ್ಪೀಕರುಗಳಿಗೆ ಬೇರೆ ರಿಸೀವರ್ (ಆಂಪ್ಲಿಫೈಯರ್ ಪೆಟ್ಟಿಗೆ) ಇರುವವರು ಕ್ರಾಸ್‌ಓವರ್ ಅನ್ನು, ಅಂದರೆ ಎಷ್ಟಕ್ಕಿಂತ ತಗ್ಗಿನ ಸ್ವರಗಳು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಜ್‌ನಿಂದ ಆರಂಭಿಸಿ, ಸ್ಪೀಕರುಗಳು ತೀರಾ ಚಿಕ್ಕವಾಗಿದ್ದರೆ ಅಲ್ಲಿಂದ ಮೇಲಕ್ಕೆ ಹೋಗಿ. ಪೆಟ್ಟಿಗೆಯನ್ನು ಗೋಡೆಯ ಹತ್ತಿರಕ್ಕೆ ಸರಿಸಿದರೆ ಬಾಸ್ ತಾನಾಗಿ ತುಂಬಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ವಾಲ್ಯೂಮ್ ತಗ್ಗಿಸಬಹುದು. ಕೊನೆಗೆ, ಮನೆಯಲ್ಲಿ ಹೆಚ್ಚಾಗಿ ಕೇಳುವ ಹಾಡನ್ನು ಹಾಕಿ ದನಿಯನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಬಾಸ್ ಮೊದಲ ಬಾರಿಗೆ ಗಡುಸಾದ ಕ್ಷಣದಲ್ಲಿ ನಿಲ್ಲಿಸಿ, ಅಲ್ಲಿಂದ ಕಾಲು ಸುತ್ತು ಹಿಂದಕ್ಕೆ ತಂದು ಗುರುತು ಹಾಕಿ. ಅಕ್ಕನ ಮನೆಯ ಪೆಟ್ಟಿಗೆಯಲ್ಲಿ ವಾಲ್ಯೂಮ್ ಗುಂಡಿಯ ಪಕ್ಕ ಅವಳೇ ಉಗುರುಬಣ್ಣದಲ್ಲಿ ಇಟ್ಟ ಕೆಂಪು ಚುಕ್ಕಿಯಿದೆ. ಮೊನ್ನೆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹುಡುಗರೆಲ್ಲ ಮತ್ತೆ ಸೇರಿದ್ದರು. ಗುಂಡಿ ಆ ಚುಕ್ಕಿಯವರೆಗೆ ಹೋಗಿ ಅಲ್ಲೇ ನಿಂತಿತ್ತು.