ಟಗ್ಗಿನ ಡೀಸೆಲ್ ಲೆಕ್ಕ ವಾರ್ಷಿಕ ವರದಿ ಸೇರುವ ಮುಂಚೆ

ಪಣಂಬೂರಿನ ಬಂದರಿನಲ್ಲಿ ಟಗ್ (ಹಡಗುಗಳನ್ನು ಎಳೆಯುವ, ತಳ್ಳುವ ದೋಣಿ) ಓಡಿಸಿ, ಶಿರಾಡಿ ಘಾಟಿಯಲ್ಲಿ ಟ್ರೈಲರ್ ಹತ್ತಿಸುವ ಕಂಪನಿಯ ವಾರ್ಷಿಕ ವರದಿಗೆ ಕೂತಾಗ ನಾನು ಮೊದಲು ಬಿಚ್ಚುವುದು ಡೀಸೆಲ್ ಕಡತ. ಖರ್ಚಿನ ಲೆಕ್ಕಕ್ಕೂ ಇಂಗಾಲದ ಲೆಕ್ಕಕ್ಕೂ ಮೂಲ ಅದೇ.

ಏಪ್ರಿಲ್ 1ರಂದು ಟ್ಯಾಂಕಿನಲ್ಲಿದ್ದದ್ದಕ್ಕೆ ವರ್ಷವಿಡೀ ತುಂಬಿಸಿದ್ದನ್ನು ಕೂಡಿಸಿ, ಮಾರ್ಚ್ 31ರಂದು ಉಳಿದದ್ದನ್ನು ಕಳೆದರೆ ಉರಿದ ಎಣ್ಣೆ ಸಿಗುತ್ತದೆ. ಹೇಳಲು ಸುಲಭ. ಎಣ್ಣೆಯ ಆಳ ಅಳೆಯುವ ಸೌಂಡಿಂಗ್ ಟೇಪ್ ಇಳಿಸುವಾಗ ಟಗ್ ಹಿಂದಕ್ಕೆ ವಾಲಿದ್ದರೆ ಟ್ಯಾಂಕಿನ ಕೋಷ್ಟಕದಲ್ಲಿರುವ ಟ್ರಿಮ್ (ವಾಲುವಿಕೆಯ) ತಿದ್ದುಪಡಿ ಹಾಕಲೇಬೇಕು. ಎಂಜಿನ್‌ಗೆ ನೇರವಾಗಿ ಎಣ್ಣೆ ಉಣಿಸುವ ಸಣ್ಣ ಡೇ ಟ್ಯಾಂಕನ್ನು ಅಳೆಯದೆ ಬಿಡುವುದಂತೂ ಮಾಮೂಲು ತಪ್ಪು. ಹರಿವು ಅಳೆಯುವ ಫ್ಲೋಮೀಟರ್ ಎಂಜಿನ್‌ಗೆ ಹೋಗುವ ಪೈಪಿನಲ್ಲಿ ಮಾತ್ರ ಇದ್ದರೆ ಅದನ್ನು ನಂಬಬೇಡಿ. ಉರಿಯದೆ ಟ್ಯಾಂಕಿಗೆ ಮರಳುವ ಎಣ್ಣೆಯೂ ಖರ್ಚಾಗಿ ಕಾಣುತ್ತದೆ. ಇನ್ನೊಂದು, ಸೆಕೆ. ನಮ್ಮೂರಿನ 32 ಡಿಗ್ರಿಯಲ್ಲಿ ಅಳೆದು ಕೊಟ್ಟ 10,000 ಲೀಟರ್ 15 ಡಿಗ್ರಿಯ ಲೆಕ್ಕಕ್ಕೆ ಸುಮಾರು 140 ಲೀಟರ್ ಕಡಿಮೆ. ಹಾಗಾಗಿ ಲೀಟರನ್ನು ತೂಕಕ್ಕೆ ತಿರುಗಿಸುವಾಗ ಸಾಂದ್ರತೆ ಮತ್ತು ಲೀಟರ್ ಎರಡೂ ಒಂದೇ ಉಷ್ಣತೆಯವಾಗಿರಬೇಕು. ಆಮೇಲೆ ಒಂದು ಟನ್ ಡೀಸೆಲ್‌ಗೆ 3.206 ಟನ್ ಇಂಗಾಲದ ಡೈಆಕ್ಸೈಡ್ ಎಂದು ಗುಣಿಸುತ್ತೇನೆ.

ನಿಜವಾದ ತೊಡಕು ಬಾಡಿಗೆ ಕರಾರಿನದು. ಡೀಸೆಲ್ ಬಾಡಿಗೆಗೆ ಪಡೆದವರದ್ದೆಂದು ಕರಾರಿದ್ದರೆ ನಮ್ಮ ಖರ್ಚಿನ ಪುಸ್ತಕದಲ್ಲಿ ಅದರ ಸುಳಿವೇ ಇರುವುದಿಲ್ಲ. ಆದರೆ ಸಿಬ್ಬಂದಿ ನಮ್ಮವರು, ಓಡಿಸುವವರು ನಾವು. ನಿರ್ವಹಣೆಯ ಹಿಡಿತವನ್ನೇ ಇಂಗಾಲದ ಲೆಕ್ಕದ ಗಡಿಯಾಗಿ ಇಟ್ಟುಕೊಂಡಿದ್ದರೆ ಆ ಹೊಗೆ ನಮ್ಮ ಸ್ಕೋಪ್ 1ಕ್ಕೇ, ಅಂದರೆ ನಾವೇ ಉರಿಸಿದ ಇಂಧನದ ಲೆಕ್ಕಕ್ಕೇ ಬರಬೇಕು. ಅದಕ್ಕೇ ಟಗ್‌ವಾರು ಒಂದು ಹಾಳೆ ಮಾಡಿ, ‘ನಾವು ಕೊಂಡದ್ದು’, ‘ಅವರು ಕೊಟ್ಟದ್ದು’ ಎಂದು ಲೀಟರಿನಲ್ಲೇ ಬೇರೆ ಕಾಲಂ ಇಡುತ್ತೇನೆ. ಖರ್ಚಿನ ಪುಸ್ತಕಕ್ಕೂ ಇಂಗಾಲದ ಲೆಕ್ಕಕ್ಕೂ ಲೀಟರ್ ಏಕೆ ಹೊಂದುವುದಿಲ್ಲ ಎಂದು ಆಡಿಟರ್ ಕೇಳುವ ಮೊದಲ ಪ್ರಶ್ನೆಗೆ ಅದೊಂದೇ ಉತ್ತರ. ಗುತ್ತಿಗೆ ಲಾರಿಗಳ ಡೀಸೆಲ್ ಸ್ಕೋಪ್ 3, ಅಂದರೆ ನಮಗಾಗಿ ಬೇರೆಯವರು ಉರಿಸಿದ್ದು. ಅದನ್ನು ಟನ್-ಕಿಲೋಮೀಟರ್ (ಸಾಗಿಸಿದ ತೂಕ ಗುಣಿಸು ದೂರ) ಮೇಲೆ ಅಂದಾಜಿಸಿದರೆ ಸಾಕು, ಆದರೆ ಖಾಲಿ ವಾಪಸಾತಿ ಸೇರಿರಲಿ.

ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ನಮೂನೆ (ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ) ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಹೊಗೆ ಎಂದು ಕೇಳುತ್ತದೆ. ದಿನಬಾಡಿಗೆ ಏರಿದರೆ ಒಂದು ಲೀಟರೂ ಉಳಿಸದೆ ಆ ಅಂಕಿ ಚೆಂದವಾಗುತ್ತದೆ. ಟಗ್ ಕೆಲಸಕ್ಕೆ ಸಿಗದೆ ಆಫ್-ಹೈರ್ ಆಗಿ ಬಾಡಿಗೆ ಕಡಿತವಾದರೆ ಕೆಡುತ್ತದೆ. ನನಗೆ ಅದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಪಕ್ಕದಲ್ಲೇ ಎಂಜಿನ್ ಗಂಟೆಗೆ ಲೀಟರ್, ಒಂದು ಹಡಗಿನ ಕೆಲಸಕ್ಕೆ ಲೀಟರ್ ಎರಡನ್ನೂ ಕೊಡುತ್ತೇನೆ. ಮಳೆಗಾಲದ ಅಲೆಗೆ ಎಣ್ಣೆ ಹೆಚ್ಚು ಎಳೆಯುವುದರಿಂದ ಜುಲೈಯನ್ನು ಹಿಂದಿನ ಜುಲೈಗೇ ಹೋಲಿಸಬೇಕು, ಏಪ್ರಿಲ್‌ಗಲ್ಲ.

ಟಗ್ಗನ್ನು ನೀರಿನಿಂದ ಹೊರತೆಗೆದು ತಪಾಸಣೆ, ರಿಪೇರಿ ಮಾಡಿಸುವ ಡ್ರೈಡಾಕ್ ಖರ್ಚನ್ನು ಆ ವರ್ಷದ ರಿಪೇರಿ ಎಂದು ಬರೆದರೆ ಲಾಭ ಸುಮ್ಮನೆ ಕುಸಿದು ಕಾಣುತ್ತದೆ. ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 16ರ ಪ್ರಕಾರ ದೊಡ್ಡ ತಪಾಸಣೆಯ ಖರ್ಚನ್ನು ಆಸ್ತಿಗೆ ಸೇರಿಸಿ, ಮುಂದಿನ ಡಾಕಿಂಗ್‌ವರೆಗೆ ಸವಕಳಿ ಹಾಕಬೇಕು. ಬಣ್ಣ, ಚಿಲ್ಲರೆ ವೆಲ್ಡಿಂಗ್ ಆಸ್ತಿಗೋ ರಿಪೇರಿಗೋ ಎಂಬುದನ್ನು ಯಾರ್ಡ್ ಬಿಲ್ ಬಂದ ದಿನವೇ ಎಂಜಿನಿಯರ್ ಜತೆ ಕೂತು ಗುರುತು ಹಾಕಿಸಿಕೊಳ್ಳಿ.

ಕಟ್ಟಿ ನಿಂತ ಟಗ್ ದಡದಿಂದ ಪಡೆಯುವ ಕರೆಂಟು ಸ್ಕೋಪ್ 2, ಅಂದರೆ ಕೊಂಡ ವಿದ್ಯುತ್ತಿನ ಲೆಕ್ಕ. ಬಿಲ್ಲಿನ ಅವಧಿ ಮಾರ್ಚ್ 31ಕ್ಕೆ ಮುಗಿಯದಿದ್ದರೆ ಅಂದು ಮೀಟರಿನ ಫೋಟೊ ತೆಗೆದಿಡಿ. ಬಳಸಿದ ಎಂಜಿನ್ ಆಯಿಲ್ ಹೋದದ್ದಕ್ಕೆ ಫಾರ್ಮ್ 10 ಮ್ಯಾನಿಫೆಸ್ಟ್ (ಅಪಾಯಕಾರಿ ತ್ಯಾಜ್ಯ ಸಾಗಣೆಯ ಚೀಟಿ) ಪ್ರತಿಗಳಿರಲಿ. ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ವಾರ್ಷಿಕ ತ್ಯಾಜ್ಯ ಲೆಕ್ಕದ ಫಾರ್ಮ್ 4ರಲ್ಲೂ ವರದಿಯಲ್ಲೂ ಒಂದೇ ಅಂಕಿ ಇರಬೇಕು.